ಗಂಡುಮಕ್ಕಳಿಗಾಗಿ ಏನು ಬೇಡುತ್ತೇವೆ?

ಮಾನ್ಯ ಸಂಪಾದಕರೇ,

ಈಗಿನ ಹುಡುಗರು ಹೇಳಿದ ಮಾತು ಕೇಳುವುದಿಲ್ಲ ಎಂದು ವಾಚಕರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಹೌದು, ಕೇಳುವುದಿಲ್ಲ. ನನಗೂ ಇಬ್ಬರು ಗಂಡುಮಕ್ಕಳೇ. ಆದರೆ ಅವರಿಗಾಗಿ ನಾವು ದೇವರ ಹತ್ತಿರ ಬೇಡುವುದಾದರೂ ಏನು?

ನಮ್ಮ ಬಲ್ಮಠದ ಕಡೆ ಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆದಾಗ ಕೊನೆಗೆ ಪ್ರಾರ್ಥನೆಯ ವಿಷಯ ಕೇಳುತ್ತಾರೆ. ಮಗನಿಗೆ ಸೀಟು ಸಿಗಬೇಕು, ಪಿಯುಸಿಯಲ್ಲಿ ಮಾರ್ಕ್ ಬರಬೇಕು, ದುಬೈ ವೀಸಾ ಆಗಬೇಕು. ನಾನೂ ಹೇಳಿದವಳೇ, ಸುಳ್ಳು ಯಾಕೆ? ಬೈಬಲಿನಲ್ಲಿ, ಗಿಬ್ಯೋನ್ ಎಂಬ ಊರಿನಲ್ಲಿ ಸೊಲೊಮೋನ ಅರಸನ ಕನಸಿಗೆ ಬಂದು ಏನು ಬೇಕು ಎಂದು ದೇವರೇ ಕೇಳಿದಾಗ ಅವನು ಆಯುಸ್ಸು ಕೇಳಲಿಲ್ಲ, ಹಣ ಕೇಳಲಿಲ್ಲ. ಒಳ್ಳೆಯದು ಕೆಟ್ಟದ್ದು ತಿಳಿಯುವ ಮನಸ್ಸು ಕೇಳಿದ. ನಾವಾದರೆ ಕನಸಿನಲ್ಲೂ ವೀಸಾವನ್ನೇ ಕೇಳುತ್ತಿದ್ದೆವು.

ಬೈಬಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದಲ್ಲಿ 31 ಅಧ್ಯಾಯ. ತಾರೀಕಿಗೆ ಒಂದರಂತೆ ರಾತ್ರಿ ಊಟಕ್ಕೆ ಮೊದಲು ಓದುವುದು ನಮ್ಮ ಮನೆಯ ರೂಢಿ. ಕಳೆದ ಡಿಸೆಂಬರ್ 11ರಂದು 11ನೇ ಅಧ್ಯಾಯ. ಮೊದಲ ವಚನವೇ ಮೋಸದ ತಕ್ಕಡಿಯದ್ದು. ಕ್ರಿಸ್‌ಮಸ್‌ಗೆ ನಾನು ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಮಾಡಿ ಮಾರುತ್ತೇನೆ. ಅದೇ ಊಟದ ಮೇಜಿನ ಇನ್ನೊಂದು ತುದಿಯಲ್ಲಿ ನೆವ್ರಿ, ಕಿಡಿಯೊ, ಚಕ್ಕುಲಿ, ತೂಕದ ಮಿಷನ್. ಪಿಯುಸಿ ಓದುವ ಚಿಕ್ಕವ ಬೈಬಲ್ ಮುಚ್ಚಿದವನೇ ಒಂದು ಖಾಲಿ ರಟ್ಟಿನ ಡಬ್ಬ ತಂದು ಮಿಷನ್ ಮೇಲಿಟ್ಟ. 45 ಗ್ರಾಂ.

"ಅಮ್ಮ, ಅರ್ಧ ಕೆಜಿ ಅಂತ ಕೊಡುದಲ್ವಾ, ಇದೂ ಅದರಲ್ಲಿ ಉಂಟಾ?"

ಇತ್ತು. "ಎಲ್ಲರೂ ಮಾಡುವುದು ಹಾಗೆಯೇ ಮಾರಾಯ" ಅಂದೆ. ಅವನು ಸುಮ್ನೆ ಊಟಕ್ಕೆ ಕೂತ. ನನಗೆ ಅನ್ನ ಇಳಿಯಲಿಲ್ಲ. ಮರುದಿನ ಹನ್ನೆರಡು ಡಬ್ಬದ ಟೇಪ್ ಬಿಚ್ಚಿ ಒಂದೊಂದಕ್ಕೂ ಎರಡೆರಡು ನೆವ್ರಿ ಸೇರಿಸಿದೆ. ಅವನಿಗೆ ಬುದ್ಧಿ ಕೊಡು ಎಂದು ಬೇಡಿದ್ದು ನಾನೇ, ಈಗ ದೂರಿ ಏನು ಪ್ರಯೋಜನ?

ಇನ್ನು 31ನೇ ಅಧ್ಯಾಯ. ಅದು ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಗುಣವತಿಯಾದ ಹೆಂಡತಿ. ನಾನು ಹೋದ ಎಷ್ಟೋ ಮದುವೆಗಳಲ್ಲಿ ಅದನ್ನೇ ಓದಿದ್ದಾರೆ, ಮದುಮಗಳಿಗೆ ಅದನ್ನೇ ಹೇಳಿದ್ದಾರೆ. ಆದರೆ ಅದು ಶುರುವಾಗುವುದು 10ನೇ ವಚನದಿಂದ. ಅದಕ್ಕಿಂತ ಮೊದಲಿನದು ಲೆಮೂವೇಲ ಎಂಬ ಅರಸನಿಗೆ ಅವನ ತಾಯಿ ಕಲಿಸಿದ ಮಾತು. ಹರಕೆಯಿಂದ ಹುಟ್ಟಿದ ಮಗನೇ ಎಂದು ಕರೆದು ಹೇಳುತ್ತಾಳೆ: ಹೆಂಗಸರ ಹಿಂದೆ ಹೋಗಿ ಹಾಳಾಗಬೇಡ. ಕುಡಿಯಬೇಡ, ಕುಡಿದರೆ ಬಡವರ ನ್ಯಾಯ ಮರೆತುಹೋದೀತು. ಬಾಯಿಲ್ಲದವರ ಪರವಾಗಿ ಬಾಯಿ ತೆರೆ. ಒಬ್ಬ ತಾಯಿ ಮಗನಿಗೆ ಇಷ್ಟು ಬಿಚ್ಚಿ ಹೇಳಿದ್ದನ್ನು ನಾವು ಹಾರಿಸಿಬಿಡುತ್ತೇವೆ. ಮದುಮಗನೂ ಅಲ್ಲೇ ಪಕ್ಕದಲ್ಲಿ ಕೋಟು ಹಾಕಿ ಕೂತಿರುತ್ತಾನಲ್ಲ!

ಬರುವ ಮೇ ತಿಂಗಳಲ್ಲಿ ನನ್ನ ದೊಡ್ಡ ಮಗನ ಮದುವೆ. ಒಂದನೇ ವಚನದಿಂದಲೇ ಓದಬೇಕು ಎಂದು ನಮ್ಮ ಪಾದ್ರಿ ಅಯ್ಯನವರಿಗೆ ಈಗಲೇ ಹೇಳಿಟ್ಟಿದ್ದೇನೆ.

– ಇಬ್ಬರು ಗಂಡುಮಕ್ಕಳ ತಾಯಿ, ಬಲ್ಮಠ, ಮಂಗಳೂರು