ಭಾನುವಾರದ ಚರ್ಚೆ: ಮಾರ್ಷಲ್ ಬ್ರೇವ್‌ಸ್ಟಾರ್

ಮಾನ್ಯ ಸದಸ್ಯರೇ,

ಅಮೆರಿಕದ ಫಿಲ್ಮೇಷನ್ ಸಂಸ್ಥೆ 1987ರಲ್ಲಿ ಆರಂಭಿಸಿದ, 65 ಕಂತುಗಳ ‘ಬ್ರೇವ್‌ಸ್ಟಾರ್’ ಕಾರ್ಟೂನ್ ಧಾರಾವಾಹಿಯನ್ನು ಈ ಭಾನುವಾರ ಚರ್ಚೆಗೆ ಎತ್ತಿಕೊಳ್ಳಲಾಗಿದೆ. ಕೆರಿಯಂ ಎಂಬ ಖನಿಜದ ಆಸೆಗೆ ಜನ ಮುಗಿಬಿದ್ದ ‘ನ್ಯೂ ಟೆಕ್ಸಾಸ್’ ಗ್ರಹದಲ್ಲಿ ಕಾನೂನು ಕಾಯುವ ಈ ಮಾರ್ಷಲ್ ಅಮೆರಿಕದ ಮೂಲನಿವಾಸಿ ಕುಲದವನಾಗಿದ್ದು, ಗಿಡುಗನ ಕಣ್ಣು, ತೋಳದ ಕಿವಿ, ಕರಡಿಯ ಬಲ, ಪ್ಯೂಮಾದ ವೇಗವನ್ನು ಆವಾಹಿಸಿಕೊಂಡು ಹೋರಾಡುತ್ತಾನೆ. ಅವನ ಕುದುರೆ ಥರ್ಟಿ-ಥರ್ಟಿಯಂತೂ ಎರಡೇ ಕಾಲಿನ ಮೇಲೆ ಎದ್ದು ನಿಂತು, ‘ಸಾರಾ ಜೇನ್’ ಎಂದು ತಾನೇ ಕರೆಯುವ ಬಂದೂಕನ್ನು ಹಿಡಿಯುತ್ತದೆ (ಸವಾರಿಗಿಂತ ಜಗಳವೇ ಅದಕ್ಕೆ ಹೆಚ್ಚು ಇಷ್ಟವೆಂದು ನನ್ನ ಅನಿಸಿಕೆ).

‘ದಿ ಪ್ರೈಸ್’ ಕಂತನ್ನು ತಪ್ಪದೆ ನೋಡಿ ಬರಬೇಕಾಗಿ ವಿನಂತಿ. ಮಾರ್ಷಲ್‌ಗೆ ಇಷ್ಟೆಲ್ಲ ಶಕ್ತಿಯಿದ್ದರೂ, ‘ಸ್ಪಿನ್’ ಎಂಬ ಮಾದಕವಸ್ತುವಿನ ಚಟಕ್ಕೆ ಬಿದ್ದ ಹುಡುಗ ಅದರಲ್ಲಿ ಬದುಕುಳಿಯುವುದಿಲ್ಲವಾದ್ದರಿಂದ, ಚಿಕ್ಕ ಮಕ್ಕಳಿಗೆ ತೋರಿಸುವವರು ಮೊದಲು ತಾವೊಮ್ಮೆ ನೋಡಿಕೊಳ್ಳಬೇಕು.