ನೀರಾಗ ಥಂಡಿ ಆಗಂಗಿಲ್ಲೇನು?

ನವನಗರ, ಬಾಗಲಕೋಟೆ

ಚಿರಂಜೀವಿ ತಮ್ಮನಿಗೆ ಕಾಕಾನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ವೈನಿ, ಅಂದರೆ ನಿಮ್ಮವ್ವ, ಪಕ್ಕದಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದರು. "ಕಾಕಾ, ನನಗ ದೇವರ ಮ್ಯಾಲೆ ನಂಬಿಕಿ ಉಳಿದಿಲ್ಲ. ಅಪ್ಪನ ವರ್ಷದ ಕಾರ್ಯಕ್ಕ ಬಂದು ಸುಮ್ನ ನಾಟಕ ಮಾಡ್ಲೇನು?" ಅಂದೆ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಪ್ಪ ಈಗ ಎಲ್ಲಿ ಅದಾನ? ನೀವರೆ ಹೇಳ್ರಿ" ಅಂದೆ. ನಾನು "ಊಟ ಆತೇನು" ಅಂತ ಮಾತು ತಿರುಗಿಸಿದೆ. ಅವತ್ತಿನಿಂದ ಆ ಪ್ರಶ್ನೆ ನನ್ನ ಜೊತೆಗೇ ಓಡಾಡುತ್ತಿದೆ. ಅದಕ್ಕೇ ಈ ಪತ್ರ.

ನನಗೆ ನಿನ್ನ ಮೇಲೆ ಕೋಪ ಇಲ್ಲ. ನೀನು ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ. ನನ್ನ ಮೊದಲ ಮಗು ಹನ್ನೊಂದು ತಿಂಗಳಿಗೆ ಹೋಯಿತು. ಆ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ಅವತ್ತು ರಾತ್ರಿ ಕೊರಳಿನ ಶಿವದಾರ ಬಿಚ್ಚಿ, ಇಷ್ಟಲಿಂಗ ಇಡುವ ಕರಡಿಗೆ ಸಮೇತ ಟ್ರಂಕಿನ ತಳಕ್ಕೆ ಹಾಕಿದೆ. ಆರು ವರ್ಷ ತೆಗೆಯಲಿಲ್ಲ. ಅವ್ವ, ಅಂದರೆ ನಿನ್ನ ಆಯಿ, ನನ್ನ ಬರಿಗೊರಳು ನೋಡಿದಳು. ಏನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ತನ್ನ ಪೂಜೆ ಮುಗಿಸಿ, ನನ್ನ ಪಾಲಿನ ವಿಭೂತಿಯನ್ನು ಗೋಡೆಯ ಮಾಡದ ಅಂಚಿಗೆ ಇಟ್ಟು ಹೋಗುತ್ತಿದ್ದಳು. ಹಚ್ಚಿಕೋ ಅಂತ ಒಂದು ದಿನವೂ ಅನ್ನಲಿಲ್ಲ. ಸಂಜೆ ಅದನ್ನು ತಾನೇ ಎತ್ತಿಡುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಅವಳು ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡಲಿಲ್ಲ.

ನಿನ್ನ ಅಜ್ಜ ತೀರಿಕೊಂಡಾಗ ನನಗೆ ಇಪ್ಪತ್ತೆರಡು. ಘಟಪ್ರಭೆಯ ದಂಡೆಯ ಹೊಲದಲ್ಲೇ ಮಣ್ಣು ಮಾಡಿದೆವು. ನಮ್ಮ ಪದ್ಧತಿ ನಿನಗೆ ಗೊತ್ತು. ಮಲಗಿಸುವುದಿಲ್ಲ, ಕೂರಿಸುತ್ತೇವೆ. ಎಡಗೈಯಲ್ಲಿ ಇಷ್ಟಲಿಂಗ, ಮೈ ತುಂಬ ವಿಭೂತಿ, ಮೇಲೆ ಬಿಲ್ವಪತ್ರಿ. ಪೂಜೆಗೆ ಕೂತ ಹಾಗೆಯೇ ಕುಣಿಯೊಳಗೆ ಕೂತಿರುತ್ತಾರೆ. ಮೇಲೆ ಒಂದು ಕಟ್ಟೆ ಕಟ್ಟಿ ಪಕ್ಕದಲ್ಲಿ ಬೇವಿನ ಸಸಿ ನೆಟ್ಟೆವು. ಅದು ದೊಡ್ಡ ಮರವಾಯಿತು. ಪ್ರತಿ ಅಮಾವಾಸ್ಯೆ ಅವ್ವ ಅಲ್ಲಿಗೆ ಎಡೆ ಒಯ್ಯುತ್ತಿದ್ದಳು. ಕಟ್ಟೆ ಸಾರಿಸಿ, ಹೂವಿಟ್ಟು, ಅಲ್ಲೇ ಕೂತು ಮನೆಯ ಸುದ್ದಿ ಎಲ್ಲಾ ಹೇಳುತ್ತಿದ್ದಳು. ಎಮ್ಮೆ ಕರು ಹಾಕಿದ್ದು, ನೀನು ಹುಟ್ಟಿದ್ದು, ನನ್ನ ವರ್ಗಾವಣೆ, ಎಲ್ಲಾ.

ಆಮೇಲೆ ಮುಳುಗಡೆ ಬಂತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಡ್ಯಾಮಿಗೆ ಅಡಿಗಲ್ಲು ಹಾಕಿದಾಗ ನಾನು ಸಣ್ಣವನು. ನೀರು ಬರುತ್ತೆ ಬರುತ್ತೆ ಅಂತ ಕೇಳುತ್ತಲೇ ದೊಡ್ಡವರಾದೆವು. ಕೊನೆಗೆ ನಿಜವಾಗಿಯೂ ಬಂತು. ಹಳೇ ಬಾಗಲಕೋಟೆಯ ಓಣಿಗಳಿಗೆ ಬಂದ ಹಾಗೆ ನಮ್ಮ ಹೊಲಕ್ಕೂ ಹಿನ್ನೀರು ಬಂತು. ಹೊಲಕ್ಕೆ ಪರಿಹಾರ ಸಿಕ್ಕಿತು, ಮನೆಗೂ ಸಿಕ್ಕಿತು. ಅಪ್ಪನ ಸಮಾಧಿಗೆ ಬೆಲೆ ಕೇಳುವ ಮನಸ್ಸು ನಮಗ್ಯಾರಿಗೂ ಬರಲಿಲ್ಲ. ಊರು ಬಿಡುವ ಹಿಂದಿನ ದಿನ ಅವ್ವ ಒಬ್ಬಳೇ ಹೋಗಿ, ಕಟ್ಟೆಯ ಬುಡದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಈ ಮನೆಯ ಹಿತ್ತಲಲ್ಲಿ ಪತ್ರಿ ಗಿಡ ಇದೆಯಲ್ಲ, ನೀನು ಸಣ್ಣವನಿದ್ದಾಗ ನೀರು ಹಾಕುತ್ತಿದ್ದೆ, ಅದರ ಬುಡದಲ್ಲಿ ಇರುವುದು ಆ ಮಣ್ಣು.

ಆ ವರ್ಷ ಮಳೆಗಾಲದಲ್ಲಿ ಕಟ್ಟೆ ಮುಳುಗಿತು. ಮೊದಲ ಸಲ ಅದು ಕಾಣದಂತಾದ ರಾತ್ರಿ ಅವ್ವ ನನ್ನನ್ನು ಕೇಳಿದಳು: "ಅವರಿಗೆ ನೀರಾಗ ಥಂಡಿ ಆಗಂಗಿಲ್ಲೇನು?"

ನಾನು ಆಗ ಸಾಲಿ ಮಾಸ್ತರ. ಹುಡುಗರಿಗೆ ವಿಜ್ಞಾನ ಕಲಿಸುತ್ತಿದ್ದೆ. "ಸತ್ತವರಿಗೆ ಎಂಥ ಥಂಡಿ ಅವ್ವಾ? ಇಷ್ಟು ವರ್ಷ ಆದ ಮ್ಯಾಲೆ ಅಲ್ಲೇನು ಉಳಿದಿರತದ?" ಅಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆ ಮೇಲೆ ಅಪ್ಪನ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ, ಸಾಯುವವರೆಗೂ. ಒಂಬತ್ತು ವರ್ಷ, ತಮ್ಮಾ. ಅವಳು ಆರು ವರ್ಷ ನನ್ನ ಬರಿಗೊರಳಿನ ಬಗ್ಗೆ ಒಂದು ಮಾತು ಆಡಲಿಲ್ಲ. ನನಗೆ ಒಂದು ರಾತ್ರಿ ಸುಮ್ಮನಿರಲು ಆಗಲಿಲ್ಲ.

ನಿಮ್ಮಪ್ಪ ಏನು ಮಾಡಿದ ಗೊತ್ತಾ? ಮುಂದಿನ ಸೋಮವಾರ ಅವ್ವನನ್ನು ಬಸ್ಸಿನಲ್ಲಿ ಕೂಡಲಸಂಗಮಕ್ಕೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಕೃಷ್ಣೆ ಮಲಪ್ರಭೆ ಸೇರುವ ಜಾಗ ಅದು. ನಾರಾಯಣಪುರ ಡ್ಯಾಮಿನ ಹಿನ್ನೀರು ಅಲ್ಲಿಗೂ ಬಂದಿದೆ. ಬಸವಣ್ಣನವರ ಐಕ್ಯಸ್ಥಳ ಮುಳುಗದ ಹಾಗೆ ಸುತ್ತ ದೊಡ್ಡ ಬಾವಿಯಂಥ ಗೋಡೆ ಕಟ್ಟಿದ್ದಾರೆ. ನೀರಿನ ಮೇಲಿನ ಸೇತುವೆ ದಾಟಿ, ಮೆಟ್ಟಿಲು ಇಳಿಯುತ್ತಾ ಇಳಿಯುತ್ತಾ ತಳಕ್ಕೆ ಹೋಗಬೇಕು. ಹೊರಗೆ ಸುತ್ತಲೂ ನದಿ, ಒಳಗೆ ಐಕ್ಯಲಿಂಗ. ಅವ್ವನಿಗೆ ಮೊಣಕಾಲು ನೋವು. ನಿಮ್ಮಪ್ಪ ಒಂದೊಂದೇ ಮೆಟ್ಟಿಲು ಕೈ ಹಿಡಿದು ಇಳಿಸಿದ. ಕೆಳಗೆ ಕೂತ ಮೇಲೆ ಮೆಲ್ಲಗೆ ಅಂದ: "ನೋಡವ್ವ, ಬಸವಣ್ಣಾರೂ ಹೊಳಿಯಾಗ ಅದಾರ. ಅಪ್ಪಗ ಯಾಕ ಥಂಡಿ ಆದೀತು?"

ಅವ್ವ ಆ ಕಲ್ಲಿಗೆ ಹಣೆ ಹಚ್ಚಿ ಬಹಳ ಹೊತ್ತು ಕೂತಳು. ಅವತ್ತು ರಾತ್ರಿ ನಿದ್ದೆ ಮಾಡಿದಳು.

ನಾನು ಆಮೇಲೆ ಅಣ್ಣನನ್ನು ಕೇಳಿದೆ, ನೀನು ಹೇಳಿದ್ದನ್ನು ನೀನೇ ನಂಬುತ್ತೀಯಾ ಅಂತ. "ನನಗೇನ ಗೊತ್ತಪಾ" ಅಂದ. "ಆಕಿ ಒಬ್ಬಾಕಿನ ಆ ನೀರಾಗ ಇಳದಿದ್ಲು. ಜೋಡಿ ಇಳಿಯೂದು ಬಿಟ್ಟು ನಾ ಏನ ಮಾಡ್ಲಿ?"

ನೀನು ನಾಟಕ ಅಂದೆಯಲ್ಲ, ಅದಕ್ಕೆ ಉತ್ತರ ನಿಮ್ಮಪ್ಪನೇ ಕೊಟ್ಟು ಹೋಗಿದ್ದಾನೆ. ಇಲ್ಲದ ಭಕ್ತಿ ಇದೆ ಅಂತ ತೋರಿಸುವುದು ನಾಟಕ. ಅವ್ವನ ಪಕ್ಕದಲ್ಲಿ ಕೂರುವುದು ನಾಟಕ ಅಲ್ಲ. ನೀನು ಮಂತ್ರ ಹೇಳುವುದು ಬೇಡ. ಮನಸ್ಸು ಬಾರದಿದ್ದರೆ ಕೈ ಮುಗಿಯುವುದೂ ಬೇಡ. ಜಂಗಮರು ಬರುತ್ತಾರೆ, ಪೂಜೆ ಅವರು ನೋಡಿಕೊಳ್ಳುತ್ತಾರೆ. ನೀನು ಬಂದು ನಿಮ್ಮವ್ವನ ಹತ್ತಿರ ಕೂತುಕೋ. ಅವರಾಗಿ ನಿನ್ನನ್ನು ಕೇಳಿದರೆ ನಿಜ ಹೇಳು, ಮೆಲ್ಲಗೆ ಹೇಳು. ಕೇಳದೆ ಇದ್ದರೆ ನೀನಾಗಿ ಹೇಳಲು ಹೋಗಬೇಡ. ಈ ಒಂದು ವರ್ಷ ವೈನಿ ರಾತ್ರಿ ಎದ್ದು ಪಡಸಾಲೆಯ ದೀಪಕ್ಕೆ ಎಣ್ಣೆ ಹಾಕುವುದನ್ನು ನಾನು ನೋಡಿದ್ದೇನೆ. ನೀನು ನೋಡಿಲ್ಲ.

ಇನ್ನು ನಿನ್ನ ಎರಡನೇ ಪ್ರಶ್ನೆ.

ಅಪ್ಪ ಎಲ್ಲಿದ್ದಾನೆ ಅಂತ ನನಗೆ ಗೊತ್ತಿಲ್ಲ. ಎಪ್ಪತ್ತು ದಾಟಿದವನು ಹೀಗೆ ಹೇಳಬಾರದೇನೋ. ಆದರೆ ನಿನಗೆ ಸುಳ್ಳು ಹೇಳಲಾರೆ. ಏನು ನಂಬುತ್ತೇನೆ ಅಂತ ಮಾತ್ರ ಹೇಳಬಲ್ಲೆ.

ಮೇಲೆ ಒಂದು ಸ್ವರ್ಗ, ಕೆಳಗೆ ಒಂದು ನರಕ, ನಡುವೆ ಲೆಕ್ಕ ಬರೆಯುವವನು ಒಬ್ಬ. ಇದನ್ನು ನಾನು ನಂಬುವುದಿಲ್ಲ. ಬಸವಣ್ಣನವರೇ ‘ಆಚಾರವೇ ಸ್ವರ್ಗ, ಅನಾಚಾರವೇ ನರಕ’ ಅಂದುಬಿಟ್ಟಿದ್ದಾರೆ. ನನಗೆ ಅಷ್ಟು ಸಾಕು. ನಮ್ಮಲ್ಲಿ ಸತ್ತ ಅನ್ನುವುದಿಲ್ಲ, ಲಿಂಗೈಕ್ಯ ಆದ ಅನ್ನುತ್ತೇವೆ, ಬಯಲಾದ ಅನ್ನುತ್ತೇವೆ. ಈ ಬಯಲು ಅನ್ನುವ ಮಾತು ನನ್ನ ಮನಸ್ಸಿಗೆ ಬಹಳ ಹತ್ತಿರ. ಫೆಬ್ರುವರಿ, ಮಾರ್ಚಿನಲ್ಲಿ ಬಿಳಿಜೋಳ ಕಿತ್ತು, ಕಣಿಕಿ ಎಲ್ಲಾ ಸಾಗಿಸಿದ ಮೇಲೆ ನಮ್ಮ ಎರೆಹೊಲದಲ್ಲಿ ನಿಂತು ನೋಡಿದ್ದೀಯಲ್ಲ? ಕಣ್ಣು ಹೋದಷ್ಟು ದೂರ ಏನೂ ಇಲ್ಲ. ಆದರೆ ಹೊಲ ಇಲ್ಲ ಅಂತ ಯಾರೂ ಅನ್ನುವುದಿಲ್ಲ. ನಿಮ್ಮಪ್ಪನನ್ನು ನೆನೆದಾಗ ನನಗೆ ಬರುವುದು ಆ ಹೊಲವೇ. ಎಲ್ಲೋ ಒಂದು ಕಡೆ ಕೂತು ನಮ್ಮನ್ನು ನೋಡುತ್ತಿದ್ದಾನೆ ಅಂತ ಅನ್ನಿಸುವುದಿಲ್ಲ. ಹೋಗಿಬಿಟ್ಟ ಅಂತಲೂ ಅನ್ನಿಸುವುದಿಲ್ಲ. ಇದಕ್ಕಿಂತ ಬಿಡಿಸಿ ಹೇಳಲು ನನ್ನಿಂದ ಆಗದು.

2023ರ ಜನವರಿ ನೆನಪಿದೆಯಾ? ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2ನೇ ತಾರೀಖು ಲಿಂಗೈಕ್ಯರಾದರು. ನಾನೂ ನಿಮ್ಮಪ್ಪನೂ ಹೋಗಿ ಸಾಲಿನಲ್ಲಿ ನಿಂತೆವು. ಎಂಥ ಜನ, ಆದರೆ ಎಷ್ಟು ಶಾಂತ! ಜೇಬಿಲ್ಲದ ಬಿಳಿ ಅಂಗಿ ಹಾಕಿಕೊಂಡೇ ಬದುಕಿದವರು. ಪದ್ಮಶ್ರೀ ಕೊಟ್ಟಾಗ ಬೇಡ ಅಂದವರು. 2014ರಲ್ಲೇ ಬರೆದಿಟ್ಟಿದ್ದರು: ದೇಹವನ್ನು ಮಣ್ಣಿನಲ್ಲಿ ಇಡಬೇಡಿ, ಬೆಂಕಿಗೆ ಕೊಡಿ. ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ. ಸ್ಮಾರಕ ಕಟ್ಟಬೇಡಿ. ಕರ್ಮದ ವಿಧಿಗಳೂ ಬೇಡ. ಸ್ವಾಮಿಗಳಿಗೆ ಗದ್ದುಗೆ ಕಟ್ಟುವ ನಾಡಿನಲ್ಲಿ ಹೀಗೆ ಬರೆದಿಟ್ಟು ಹೋದರು. ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಕೊಲ್ಹಾರ ದಾಟಿದ ಮೇಲೆ "ನಾ ಹೋದ್ರ ಮಣ್ಣಾಗ ಇಡ್ರಿ. ನನಗ ಬೇಕಂತಲ್ಲ, ನಿಮ್ಮ ವೈನಿಗೆ ಹೋಗಿ ಕೂಡಾಕ ಒಂದು ಜಾಗ ಬೇಕ" ಅಂದ. ನಾವು ಹಾಗೆಯೇ ಮಾಡಿದೆವು. ಅವತ್ತು ಈ ಮಾತನ್ನು ನಿನಗೆ ಹೇಳುವ ಹೊತ್ತು ಇರಲಿಲ್ಲ.

ಅದೇ ವಿಜಯಪುರದ ಗೋಳಗುಮ್ಮಟಕ್ಕೆ ಎಷ್ಟೋ ವರ್ಷ ಸಾಲಿ ಹುಡುಗರನ್ನು ಪ್ರವಾಸ ಕರೆದೊಯ್ದಿದ್ದೇನೆ. ಮೇಲೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ತೋರಿಕೆಗೆ, ನಿಜವಾಗಿ ಮಣ್ಣು ಮಾಡಿದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಇದನ್ನು ಹೇಳಿದಾಗ ಒಬ್ಬ ಹುಡುಗ ಕೇಳಿದ: "ಹಂಗಾದ್ರ ಸರ್, ಮಂದಿ ಇಲ್ಯಾಕ ಕೈ ಮುಗಿತಾರ?" ನನಗೆ ತಟ್ಟನೆ ಅವ್ವನ ಪತ್ರಿ ಗಿಡ ನೆನಪಾಯಿತು. ಕೈ ಮುಗಿಯುವವರಿಗೆ ಒಂದು ಜಾಗ ಬೇಕು, ಅಷ್ಟೇ. ಅದನ್ನು ನಾನು ಈಗ ಮೂಢನಂಬಿಕೆ ಅನ್ನುವುದಿಲ್ಲ. ಹೋದ ವರ್ಷ ನಮ್ಮ ಓಣಿಯ ನನ್ನ ಮುಸಲ್ಮಾನ ಗೆಳೆಯ ಹೋದಾಗ ಖಬರಸ್ತಾನದಲ್ಲಿ ನಾನೂ ಎಲ್ಲರ ಹಾಗೆ ಮೂರು ಹಿಡಿ ಮಣ್ಣು ಹಾಕಿದೆ. ಅಣ್ಣನಿಗೆ ಹಾಕಿದಾಗ ಕೈ ನಡುಗಿದ ಹಾಗೆಯೇ ಅಲ್ಲೂ ನಡುಗಿತು.

ದೇವರ ವಿಷಯ ಸ್ವಲ್ಪವೇ ಹೇಳುತ್ತೇನೆ. ಆರು ವರ್ಷದ ಮೇಲೆ ನಾನು ಟ್ರಂಕು ತೆರೆದು ಲಿಂಗ ಹೊರಗೆ ತೆಗೆದೆ. ಯಾವ ಪವಾಡವೂ ಆಗಿರಲಿಲ್ಲ. ನಿನ್ನ ತಂಗಿ ಹುಟ್ಟಿದ ವಾರ ಅದು. ಮನೆಯಲ್ಲಿ ಮತ್ತೆ ಹಸುಗೂಸಿನ ಅಳು ಕೇಳಿ, ಯಾರಿಗೋ ಏನೋ ಹೇಳಬೇಕು ಅನ್ನಿಸಿತು. ಯಾರಿಗೆ ಅಂತ ತಿಳಿಯಲಿಲ್ಲ. ಕರಡಿಗೆ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ಕೂತೆ. ಇವತ್ತಿಗೂ ಬೆಳಿಗ್ಗೆ ಹಾಗೇ ಕೂರುತ್ತೇನೆ. ಬೇಡುವುದಿಲ್ಲ. ಅಂಗೈ ಬೆಚ್ಚಗಾಗುವವರೆಗೆ ಕೂರುತ್ತೇನೆ, ಮನಸ್ಸು ತಿಳಿಯಾಗುತ್ತದೆ. ನಿನಗೆ ಹಾಗೆ ಆಗದಿದ್ದರೆ ಅದು ನಿನ್ನ ತಪ್ಪಲ್ಲ. ಒತ್ತಾಯದಿಂದ ಬರುವಂಥದ್ದಲ್ಲ ಅದು. ನಿನ್ನ ಕರಡಿಗೆ ನಿಮ್ಮವ್ವನ ಕಪಾಟಿನಲ್ಲಿದೆ. ಇರಲಿ ಬಿಡು. ನಾನು ಅದರ ಮಾತು ಮತ್ತೆ ಎತ್ತುವುದಿಲ್ಲ.

ಒಂದು ಮಾತ್ರ ಕೇಳುತ್ತೇನೆ. ನಂಬಿಕೆ ಇಲ್ಲ ಅಂತ ದುಃಖವನ್ನೂ ಇಲ್ಲ ಅನ್ನಬೇಡ. ನೀನು ಅಪ್ಪನಿಗೆ ಮಣ್ಣು ಹಾಕಿ, ಮೂರನೇ ದಿನಕ್ಕೆ ಲ್ಯಾಪ್‌ಟಾಪ್ ತೆಗೆದು ಕೂತೆ. ಅತ್ತಿದ್ದನ್ನು ನಾನು ನೋಡಲಿಲ್ಲ. ಇಲ್ಲಿ ಬಂದು ಅತ್ತರೆ ಯಾರೂ ಏನೂ ಅನ್ನುವುದಿಲ್ಲ.

ಕಾರ್ಯ ಮೇ ತಿಂಗಳ ಎರಡನೇ ಭಾನುವಾರ. ಶನಿವಾರ ಸಂಜೆಯೊಳಗೆ ಬಂದುಬಿಡು. ಆ ಹೊತ್ತಿಗೆ ಹಿನ್ನೀರು ಸರಿದಿರುತ್ತದೆ. ನಮ್ಮ ಹಳೇ ಹೊಲ ಬಯಲಿಗೆ ಬಿದ್ದಿರುತ್ತದೆ. ಬೇವಿನ ಮರದ ಬೊಡ್ಡೆ ಇನ್ನೂ ಇದೆ, ಹೋದ ಬೇಸಿಗೆಯಲ್ಲಿ ನಿಮ್ಮಪ್ಪನ ಜೊತೆ ಹೋಗಿ ನೋಡಿ ಬಂದಿದ್ದೆ. ಕಟ್ಟೆಯ ಎರಡು ಕಲ್ಲೂ ಉಳಿದಿವೆ. ಭಾನುವಾರ ನಸುಕಿನಲ್ಲಿ, ಬಿಸಿಲೇರುವ ಮೊದಲು, ನಾವಿಬ್ಬರೂ ಹೋಗಿ ಬರೋಣ. ಗಟ್ಟಿ ಚಪ್ಪಲಿ ಹಾಕಿಕೊಂಡು ಬಾ, ಅಲ್ಲಿ ಕೆಸರು ಒಣಗಿ ದೊಡ್ಡ ದೊಡ್ಡ ಬಿರುಕು ಬಿಟ್ಟಿರುತ್ತದೆ.

ವೈನಿ ನಿನಗೆ ಅಂತ ಮಾದಲಿಗೆ ಗೋಧಿ ಈಗಲೇ ಹಸನು ಮಾಡಿಟ್ಟಿದ್ದಾರೆ. ನಾನು ಈ ಪತ್ರ ಬರೆಯುವುದನ್ನು ನೋಡಿ, "ಬರತಾನಂತೇನು?" ಅಂತಷ್ಟೇ ಕೇಳಿದರು.

ನಿನ್ನ ಕಾಕಾ