ಮಿಕಿಯ ಬಗ್ಗೆ ನಿನಗೊಂದು ಪತ್ರ

ಪ್ರೀತಿಯ ಗೆಳೆಯಾ,

2025ರ ಮೇ 31ರ ರಾತ್ರಿ ನೀನು ಕಳಿಸಿದ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ. ‘ಐದು ಗೋಲು ತಿಂದ್ರಲ್ಲೋ, ಆ ಮೂವತ್ತಾರರ ಮುದುಕನ್ನ ಯಾಕೆ ಆಡಿಸಿದ್ರು?’ ಅಂತ. ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್, ಅಂದರೆ ಯೂರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯ ಫೈನಲ್ ಆಗಷ್ಟೇ ಮುಗಿದಿತ್ತು. ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ಬಿನ ಎದುರು ಇಟಲಿಯ ಇಂಟರ್ ಮಿಲಾನ್ 5-0 ಅಂತರದಲ್ಲಿ ಸೋತಿತ್ತು. ನಾನು ಉತ್ತರ ಕೊಡಲಿಲ್ಲ. ಬೇಜಾರಾಗಿತ್ತು, ನಿಜ. ಆದರೆ ಅವನ ವಿಷಯ ಎರಡು ಸಾಲಿನಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ. ಈಗ ಕೂತು ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ನೀನು ಮುದುಕ ಅಂದದ್ದು ಹೆನ್ರಿಖ್ ಮಖಿತಾರಿಯಾನ್‌ಗೆ. ಅಭಿಮಾನಿಗಳಿಗೆ ಮಿಕಿ. ಆ ರಾತ್ರಿ ಇಂಟರ್ ಪರ ಆಡಿದ ಅರ್ಮೇನಿಯಾದ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುಭಾಗದ ಆಟಗಾರ. ಆ ಇಡೀ ದೇಶದಲ್ಲಿ ಇರುವುದು ಸುಮಾರು 30 ಲಕ್ಷ ಜನ. ನಮ್ಮ ಬೆಂಗಳೂರಿನ ಮೂರನೇ ಒಂದು ಭಾಗವೂ ಇಲ್ಲ. ಚೆನ್ನೈನಲ್ಲಿ ಹೈಕೋರ್ಟ್ ಹತ್ತಿರ ಅರ್ಮೇನಿಯನ್ ಸ್ಟ್ರೀಟ್‌ಗೆ ಹೋಗಿದ್ದೆವು, ನೆನಪಿದೆಯಾ? ಅಲ್ಲಿನ ಹಳೇ ಚರ್ಚು ಕಟ್ಟಿದ್ದು ಇದೇ ಜನ. ಪ್ರಪಂಚದ ಮೊದಲ ಅರ್ಮೇನಿಯನ್ ಪತ್ರಿಕೆ ಅಚ್ಚಾಗಿದ್ದು ಆ ಊರಿನಲ್ಲೇ, 1794ರಲ್ಲಿ. ಹುಟ್ಟಿದ ನೆಲ ಬಿಟ್ಟು ಬೇರೆ ಕಡೆ ಬದುಕು ಕಟ್ಟುವುದು ಅವರಿಗೆ ಹೊಸದಲ್ಲ.

ಮಿಕಿಯ ಅಪ್ಪ ಹಾಮ್ಲೆಟ್ ಕೂಡ ಫುಟ್‌ಬಾಲ್ ಆಟಗಾರ, ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್. ರಾಜಧಾನಿ ಯೆರೆವಾನಿನ ಅರಾರತ್ ತಂಡದಲ್ಲಿ ಹೆಸರು ಮಾಡಿ, ಆಮೇಲೆ ಫ್ರಾನ್ಸಿನ ವಾಲೆನ್ಸ್ ಊರಿನ ಕ್ಲಬ್ಬಿಗೆ ಹೋದರು. ಮಿಕಿ ಆಗ ಪುಟ್ಟ ಮಗು. ಅಪ್ಪ ಪ್ರಾಕ್ಟೀಸಿಗೆ ಹೊರಟರೆ ಸಾಕು, ನಾನೂ ಬರ್ತೀನಿ ಅಂತ ಹಟ. ಒಂದು ದಿನ ಅಪ್ಪ, ‘ಪ್ರಾಕ್ಟೀಸಿಗಲ್ಲ ಕಂದಾ, ಅಂಗಡಿಗೆ ಹೋಗಿ ಬರ್ತೀನಿ’ ಅಂತ ಹೇಳಿ ಹೊರಟರಂತೆ. ಮಗು ಮನೆಯಲ್ಲೇ ಕಾದಿತ್ತು. ಅಪ್ಪ ವಾಪಸ್ ಬಂದಾಗ ಕೈಯಲ್ಲಿ ಒಂದು ಚೀಲವೂ ಇಲ್ಲ. ಮಗು ಅಳುವುದಕ್ಕೆ ಶುರು ಮಾಡಿತು. ಇದನ್ನು ಮಿಕಿಯೇ ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾನೆ. ಓದಿದಾಗ ನನಗೆ ಗಂಟಲು ಕಟ್ಟಿತು ಕಣೋ.

ಯಾಕೆಂದರೆ ಆ ಅಪ್ಪ ಜಾಸ್ತಿ ದಿನ ಉಳಿಯಲಿಲ್ಲ. ಮಿದುಳಿನಲ್ಲಿ ಗೆಡ್ಡೆ. ಮನೆಯವರೆಲ್ಲ ಯೆರೆವಾನಿಗೆ ವಾಪಸಾದರು. 1996ರಲ್ಲಿ ಅಪ್ಪ ತೀರಿಕೊಂಡಾಗ ಮಿಕಿಗೆ ಏಳು ವರ್ಷ. ಅಪ್ಪ ಆಡಿದ ಪಂದ್ಯಗಳ ವೀಡಿಯೊ ಟೇಪುಗಳನ್ನು ಮತ್ತೆ ಮತ್ತೆ ಹಾಕಿ ನೋಡುತ್ತ ಬೆಳೆದ.

ಆಟ ಕಲಿತದ್ದು ಯೆರೆವಾನಿನ ಪ್ಯುನಿಕ್ ಕ್ಲಬ್ಬಿನಲ್ಲಿ. ನಡುವೆ, ಇನ್ನೂ ಹುಡುಗ, ಬ್ರೆಜಿಲ್‌ನ ಸಾವೊ ಪಾಲೊಗೆ ಹೋಗಿ ಕೆಲವು ತಿಂಗಳು ಅಭ್ಯಾಸ ಮಾಡಿ ಬಂದ. 2009ರಲ್ಲಿ ಉಕ್ರೇನಿನ ಡೊನೆಟ್ಸ್ಕ್. ಮೊದಲು ಮೆಟಲುರ್ಗ್ ತಂಡ, ಮಾರನೇ ವರ್ಷ ಅದೇ ಊರಿನ ಶಾಖ್ತಾರ್. 2012-13ರ ಸೀಸನ್ನಿನಲ್ಲಿ ಲೀಗ್‌ನ 29 ಪಂದ್ಯಗಳಲ್ಲಿ 25 ಗೋಲು. ಸ್ಟ್ರೈಕರ್ ಅಲ್ಲ, ಮಿಡ್‌ಫೀಲ್ಡರ್! ಅದು ಆ ಲೀಗ್‌ನಲ್ಲಿ ದಾಖಲೆ. ಅವನು ಅಲ್ಲಿಂದ ಜರ್ಮನಿಯ ಡಾರ್ಟ್‌ಮಂಡ್‌ ಕ್ಲಬ್ಬಿಗೆ ಹೋದ ಮರುವರ್ಷವೇ ಡೊನೆಟ್ಸ್ಕ್‌ಗೆ ಯುದ್ಧ ಬಂತು. ಶಾಖ್ತಾರ್ ಊರು ಬಿಟ್ಟಿತು, ಇನ್ನೂ ತನ್ನ ಸ್ಟೇಡಿಯಂಗೆ ಮರಳಿಲ್ಲ.

ಡಾರ್ಟ್‌ಮಂಡ್, ಮ್ಯಾಂಚೆಸ್ಟರ್ ಯುನೈಟೆಡ್ ಕಥೆ ನಿನಗೇ ಗೊತ್ತು. ಸಂಡರ್‌ಲ್ಯಾಂಡ್ ಎದುರು ಮುಂದಕ್ಕೆ ಬಿದ್ದುಕೊಂಡು ಹಿಮ್ಮಡಿಯಲ್ಲಿ ಹೊಡೆದ ಆ ಗೋಲನ್ನು ನನಗೆ ಮೊದಲು ತೋರಿಸಿದವನೇ ನೀನು. ಅದು ಆಫ್‌ಸೈಡ್ ಆಗಿತ್ತು, ಒಪ್ಪುತ್ತೇನೆ. 2017ರ ಯೂರೋಪಾ ಲೀಗ್ (ಚಾಂಪಿಯನ್ಸ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ) ಫೈನಲ್‌ನಲ್ಲಿ ಆಯಾಕ್ಸ್ ಎದುರು ಹೊಡೆದ ಗೋಲಿಗೆ ಮಾತ್ರ ಯಾರೂ ತಕರಾರು ಮಾಡುವಂತಿಲ್ಲ.

ನಾನು ಹೇಳಬೇಕು ಅಂದುಕೊಂಡದ್ದು ಬೇರೆ. ಎರಡು ರಾತ್ರಿಗಳ ವಿಷಯ.

ಮೊದಲನೆಯದು 2011ರ ಅಕ್ಟೋಬರ್ 11, ಡಬ್ಲಿನ್. ಯೂರೋ 2012ರ, ಅಂದರೆ ಯೂರೋಪಿನ ದೇಶಗಳ ಟೂರ್ನಿಯ ಅರ್ಹತಾ ಸುತ್ತಿನ ಕೊನೇ ಪಂದ್ಯ. ಐರ್ಲೆಂಡನ್ನು ಅವರ ನೆಲದಲ್ಲಿ ಸೋಲಿಸಿದರೆ ಅರ್ಮೇನಿಯಾಕ್ಕೆ ಪ್ಲೇಆಫ್, ಅಂದರೆ ಅರ್ಹತೆಗೆ ಇನ್ನೊಂದು ಅವಕಾಶ. ಆಗದ ಮಾತು ಅನ್ನಬೇಡ. ಒಂದು ತಿಂಗಳ ಹಿಂದಷ್ಟೇ ಸ್ಲೊವಾಕಿಯಾಕ್ಕೆ ಹೋಗಿ 4-0 ಗೆದ್ದು ಬಂದಿದ್ದರು. ಇಪ್ಪತ್ತಾರನೇ ನಿಮಿಷ. ಅರ್ಮೇನಿಯಾದ ಗೋಲ್‌ಕೀಪರ್ ಬೆರೆಜೊವ್ಸ್ಕಿ, ಅವನು ಚೆಂಡಿಗೆ ಕೈ ಹಾಕಬಹುದಾದ ಪೆನಾಲ್ಟಿ ಬಾಕ್ಸ್ ಬಿಟ್ಟು ಮುಂದೆ ಓಡಿ ಬಂದು ಚೆಂಡು ತಡೆದ. ಕೈಯಲ್ಲಿ ತಡೆದ ಅಂತ ರೆಫರಿ ರೆಡ್ ಕಾರ್ಡ್ ಎತ್ತಿದ. ನಿಧಾನಗತಿಯಲ್ಲಿ ನೋಡು, ಚೆಂಡು ಬಡಿದದ್ದು ಎದೆಗೆ. ಅದಕ್ಕೂ ಮುಂಚೆ ಚೆಂಡಿಗೆ ಕೈ ತಾಗಿಸಿದ್ದು ಐರ್ಲೆಂಡಿನ ಆಟಗಾರ. ವೀಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಆಗ ಇರಲಿಲ್ಲ. ಉಳಿದ ಹೊತ್ತೆಲ್ಲ ಹತ್ತೇ ಜನ. ಮೊದಲು ಅರ್ಮೇನಿಯಾದವರೇ ತಮ್ಮ ಗೋಲಿಗೆ ಹೊಡೆದುಕೊಂಡ ಸೆಲ್ಫ್ ಗೋಲು, ಆಮೇಲೆ ಐರ್ಲೆಂಡಿನ ಇನ್ನೊಂದು. ಅದಾದ ಕೆಲವೇ ನಿಮಿಷಕ್ಕೆ ಮಿಕಿ ಒಂದನ್ನು ತೀರಿಸಿದ. ಅಷ್ಟೇ ಆದದ್ದು. 2-1 ಸೋಲು. ಅರ್ಮೇನಿಯಾ ಇವತ್ತಿಗೂ ಒಂದೇ ಒಂದು ಯೂರೋ ಆಗಲಿ, ವಿಶ್ವಕಪ್ ಆಗಲಿ ಆಡಿಲ್ಲ. ದೊಡ್ಡ ದೇಶಕ್ಕೆ ಇಂಥ ತಪ್ಪು ತೀರ್ಪು ಬಂದರೆ ನಾಲ್ಕು ವರ್ಷ ಬಿಟ್ಟು ಮತ್ತೆ ಅವಕಾಶ ಬಂದೇ ಬರುತ್ತದೆ. ಇವರಿಗೆ ಅಷ್ಟು ಹತ್ತಿರ ಮತ್ತೆ ಹೋಗಲು ಆಗಲಿಲ್ಲ.

ಎರಡನೆಯದು 2019ರ ಮೇ 29, ಬಾಕು. ಮಿಕಿ ಆಗ ಇಂಗ್ಲೆಂಡಿನ ಆರ್ಸೆನಲ್‌ನಲ್ಲಿದ್ದ. ಯೂರೋಪಾ ಲೀಗ್ ಫೈನಲ್, ಎದುರಿಗೆ ಚೆಲ್ಸಿ. ಗೆದ್ದರೆ ಮುಂದಿನ ವರ್ಷ ಚಾಂಪಿಯನ್ಸ್ ಲೀಗ್. ಆದರೆ ಬಾಕು ಅಂದರೆ ಅಜರ್‌ಬೈಜಾನ್. ನಾಗೋರ್ನೊ-ಕರಾಬಾಖ್ ಅನ್ನುವ ಪ್ರದೇಶಕ್ಕಾಗಿ ಅರ್ಮೇನಿಯಾ, ಅಜರ್‌ಬೈಜಾನ್ ಎರಡೂ ಎಷ್ಟೋ ವರ್ಷದಿಂದ ಹೊಡೆದಾಡಿಕೊಂಡಿದ್ದವು. ಗಡಿ ಮುಚ್ಚಿತ್ತು. ಯೂರೋ 2008ರ ಅರ್ಹತಾ ಸುತ್ತಿನಲ್ಲಿ ಇವರಿಬ್ಬರ ನಡುವಿನ ಎರಡು ಪಂದ್ಯಗಳನ್ನೂ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ರದ್ದೇ ಮಾಡಿತ್ತು. ಮಿಕಿ ಅದಕ್ಕೂ ಮುಂಚೆ ಎರಡು ಸಲ, ಡಾರ್ಟ್‌ಮಂಡ್ ಜೊತೆ ಒಮ್ಮೆ, ಆರ್ಸೆನಲ್ ಜೊತೆ ಒಮ್ಮೆ, ಆ ದೇಶದಲ್ಲಿ ನಡೆದ ಪಂದ್ಯಕ್ಕೆ ಹೋಗದೆ ಉಳಿದಿದ್ದ. ಈ ಸಲ ಫೈನಲ್. ರಕ್ಷಣೆ ಕೊಡುತ್ತೇವೆ ಅಂತ ಭರವಸೆ ಬಂತು. ಅವನು ಮನೆಯವರ ಜೊತೆ, ಕ್ಲಬ್ಬಿನವರ ಜೊತೆ ಕೂತು ಮಾತಾಡಿದ. ಕೊನೆಗೆ ಹೋಗಲಿಲ್ಲ.

ಆ ಪಂದ್ಯ ನಮಗೆ ರಾತ್ರಿ ಹನ್ನೆರಡೂವರೆಗೆ. ನಾನು ಎದ್ದು ಕೂತು ನೋಡಿದೆ. ಆರ್ಸೆನಲ್ 4-1ರಿಂದ ಸೋತಿತು. ಅವನು ಇದ್ದಿದ್ದರೆ ಗೆಲ್ಲುತ್ತಿತ್ತು ಅಂತ ನಾನು ಹೇಳುವುದಿಲ್ಲ. ನನ್ನನ್ನು ಕೊರೆದದ್ದು ಇಷ್ಟೇ. ಕಾಲಿಗೆ ನೋವಿಲ್ಲ, ಕಾರ್ಡ್ ಇಲ್ಲ, ಕೋಚ್ ಕೈಬಿಟ್ಟಿಲ್ಲ. ಹುಟ್ಟಿದ ದೇಶದ ಕಾರಣಕ್ಕೆ ಒಬ್ಬ ಆಟಗಾರ ಫೈನಲ್ ದಿನ ದೂರದಲ್ಲಿ ಉಳಿಯಬೇಕಾಯಿತು. ಊರು ಆರಿಸಿದವರಿಗೆ ಇದು ಮೊದಲೇ ಹೊಳೆಯಬೇಕಿತ್ತು ಅಲ್ವಾ? ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೂರು ತಿಂಗಳು ಕಳೆದು ಸೆಪ್ಟೆಂಬರಿನಲ್ಲಿ ಅವನು ಇಟಲಿಯ ರೋಮಾ ಕ್ಲಬ್ಬಿಗೆ ಹೋದ. ಮೂವತ್ತಾಗಿತ್ತು. ಇಂಗ್ಲೆಂಡಿನವರು ಇವನ ಆಟ ಮುಗಿಯಿತು ಅಂತ ಬರೆದುಬಿಟ್ಟಿದ್ದರು. 2022ರಲ್ಲಿ ರೋಮಾ, ಯೂರೋಪಾ ಲೀಗ್‌ಗಿಂತ ಕೆಳಗಿನ ಕಾನ್ಫರೆನ್ಸ್ ಲೀಗ್ ಗೆದ್ದಿತು. ಗಾಯ ವಾಸಿಯಾಗಿ ಆಗಷ್ಟೇ ಬಂದಿದ್ದ ಮಿಕಿ ಆ ಫೈನಲ್‌ನ ಹದಿನೇಳನೇ ನಿಮಿಷಕ್ಕೇ ಕುಂಟುತ್ತ ಹೊರಗೆ ಬಂದ. ಅದೇ ವರ್ಷ ಮಾರ್ಚ್‌ನಲ್ಲಿ ದೇಶದ ತಂಡಕ್ಕೂ ವಿದಾಯ ಹೇಳಿದ್ದ. 95 ಪಂದ್ಯ, 32 ಗೋಲು. ಅರ್ಮೇನಿಯಾ ಪರ ಅಷ್ಟು ಗೋಲು ಬೇರೆ ಯಾರೂ ಹೊಡೆದಿಲ್ಲ.

ಆಮೇಲೆ ಇಂಟರ್. ಮಿಲಾನ್ ಡರ್ಬಿ ಅಂದರೆ ಒಂದೇ ಊರಿನ ಇಂಟರ್, ಎಸಿ ಮಿಲಾನ್ ಎದುರಾಗಿ ಆ ಊರು ಎರಡು ಪಾಲಾಗುವ ದಿನ. 2023ರ ಮೇನಲ್ಲಿ ಅದು ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಬೇರೆ. ಎಂಟನೇ ನಿಮಿಷ ಇಂಟರ್‌ನ ಜೆಕೊ ಗೋಲು, ಹನ್ನೊಂದನೇ ನಿಮಿಷ ಮಿಕಿ ಗೋಲು. ಸೆಪ್ಟೆಂಬರಿನಲ್ಲಿ ಮತ್ತೆ ಡರ್ಬಿ, 5-1 ಗೆಲುವು, ಅದರಲ್ಲಿ ಎರಡು ಅವನದು. ಮೂವತ್ತನಾಲ್ಕು ವರ್ಷ! ಆ ಸೀಸನ್ನಿನಲ್ಲೇ ಇಂಟರ್ ತನ್ನ 20ನೇ ಲೀಗ್ ಪ್ರಶಸ್ತಿ ಗೆದ್ದಿತು. ಹರೆಯದಲ್ಲಿ ಗೋಲು ಹೊಡೆಯುತ್ತಿದ್ದವನು ಈಗ ಬೇರೆಯವರು ಬಿಟ್ಟ ಜಾಗ ತುಂಬುತ್ತಾನೆ. ಮುಂದೆ ಓಡಿದವನು ಚೆಂಡು ಕಳೆದುಕೊಂಡರೆ, ಹಿಂದಕ್ಕೆ ಓಡಿ ಅಡ್ಡ ನಿಲ್ಲುವವನು ಇವನೇ. ಟೀವಿಯಲ್ಲಿ ಚೆಂಡಿನ ಮೇಲೇ ಕಣ್ಣಿಟ್ಟರೆ ಇದು ಕಾಣುವುದಿಲ್ಲ. ಒಂದು ಪಂದ್ಯದಲ್ಲಿ ಸುಮ್ನೆ ಅವನನ್ನೇ ನೋಡು, ಗೊತ್ತಾಗುತ್ತದೆ.

ಮ್ಯೂನಿಕ್‌ನಲ್ಲಿ ಇಡೀ ತಂಡವೇ ಕುಸಿದಿತ್ತು, ಅವನೂ ಅದರಲ್ಲಿ ಒಬ್ಬ. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವನನ್ನು ಯಾಕೆ ಆಡಿಸಿದರು ಅಂತ ಕೇಳಿದೆಯಲ್ಲ, ಮೂರು ವಾರ ಮುಂಚೆ ಬಾರ್ಸಿಲೋನಾವನ್ನು ಒಟ್ಟು 7-6ರಿಂದ ಸೋಲಿಸಿದ ಆ ಸೆಮಿಫೈನಲ್ ಇನ್ನೊಮ್ಮೆ ನೋಡು.

ಅದಕ್ಕೂ ಮೊದಲು ಡಬ್ಲಿನ್ ಪಂದ್ಯದ ತುಣುಕು ಹುಡುಕು. ಇಪ್ಪತ್ತಾರನೇ ನಿಮಿಷ. ಚೆಂಡು ಎಲ್ಲಿಗೆ ಬಡಿಯಿತು ಅಂತ ನೀನೇ ನೋಡಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ.

ನಿನ್ನ,
ಹಳೇ ಗೆಳೆಯ